ಕೂದಲೆಳೆ

ಬಿರುಗಾಳಿ ಬಂದು ಹೋದ ಆರು ದಿನ ಕರೆಂಟಿಲ್ಲದೆ
ಕೋಟು ಹಾಕಿಕೊಂಡೇ ಮಲಗಿದ್ದಾಯಿತು.
ಏಳನೆಯ ದಿನ ಒಲೆ ಕೊಳ್ಳಲು ಗ್ಲೇಸ್ ಬೇಗೆ ಹೋದೆ.
ಮುಚ್ಚಿದ ಗಣಿಯ ಬೇಲಿ ಪಕ್ಕ ಅಲೋಯ್ಶಸ್‌ನ ಶೆಡ್ಡು.
ಕಡಲಡಿ ಮೂವತ್ತೊಂದು ವರ್ಷ ಕಲ್ಲಿದ್ದಲು ಕಡಿದವನು,
ಮೊದಲು ಕೆಮ್ಮುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ.

ಮೂರು ಬೀಡಿನ ಒಲೆ. ಎರಡು ಕಪ್ಪು, ದಡ್ಡ ಮುಖದವು.
ಮೂರನೆಯದು ಮದುವಣಗಿತ್ತಿ:
ಬಾಗಿಲ ಮೇಲೆ ಎರಕದ ಗುಲಾಬಿ, ನಿಕ್ಕಲಿನ ಅಂಚು,
ಸಿಂಹದ ಪಾದ ನಾಲ್ಕು.
ನನ್ನ ಬೆರಳು ಅಲ್ಲಿಗೇ ಹೋಯಿತು.
"ಇದಕ್ಕೆಷ್ಟು?"
ಮಾತಿಲ್ಲ. ಶೆಡ್ಡಿನ ಕದ ಎಳೆದು ಕತ್ತಲು ಮಾಡಿದ,
ಟಾರ್ಚು ಹೊತ್ತಿಸಿ ಒಲೆಯ ಹೊಟ್ಟೆಯೊಳಗಿಟ್ಟು
ಗುಲಾಬಿಯ ಬಾಗಿಲು ಮುಚ್ಚಿ, "ನೋಡು" ಅಂದ.

ಏನೂ ಇಲ್ಲ. ಕಪ್ಪೋ ಕಪ್ಪು.
"ಹಿಂದಕ್ಕೆ ಬಾ. ಮಂಡಿಯೂರು."
ಕೊಳವೆ ಕೂರುವ ಕತ್ತಿನ ಕೆಳಗೆ, ಬೆನ್ನಿನಲ್ಲಿ,
ಒಂದು ಕೂದಲೆಳೆ ಬೆಳಕು.

"ಹೊಗೆ ನೆಂಟ ಇದ್ದಹಾಗೆ, ತಿಳಿಸಿಯೇ ಬರ್ತದೆ.
ಕಣ್ಣುರಿದು ಬೈದುಕೊಂಡು ಏಳ್ತೀಯ.
ಈ ಬಿರುಕಿನಿಂದ ಬರೋದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.
ತಲೆ ಒಂಚೂರು ಭಾರ. ಆಮೇಲೆ ನಿದ್ದೆ.
ಅಪ್ಪನ ಕಾಲದಲ್ಲಿ ಗಣಿಯೊಳಕ್ಕೆ ಹಕ್ಕಿ ಒಯ್ಯುತ್ತಿದ್ದರು.
ಮನೆಯಲ್ಲಿ ಏನಿಡ್ತಾರೆ? ಹೂದಾನಿ."
ಇದು ತಮ್ಮ ಲೀಯೋನ ಮನೆಯದಂತೆ.
ಅಷ್ಟೇ ಹೇಳಿದ್ದು. ಕೆಮ್ಮಿದ. ಕದ ತೆರೆದ.
ಯಾರಿಗೂ ಮಾರುವುದಿಲ್ಲವಂತೆ ಅದನ್ನು,
ಬಂದವರಿಗೆಲ್ಲ ತೋರಿಸುತ್ತಾನೆ.

ದಡ್ಡ ಮುಖದ್ದನ್ನು ಗೆಣ್ಣಿನಿಂದ ತಟ್ಟಿದೆ.
ಒಡಕು ಮಡಕೆಯಂತಲ್ಲ, ತುಂಬುದನಿಯಲ್ಲಿ ಓಗೊಟ್ಟಿತು.
ಬಾಗಿಲ ಸಂದಿಗೆ ಐದು ಡಾಲರಿನ ನೋಟು ಸಿಕ್ಕಿಸಿ ಎಳೆಸಿದ:
ಮೂರು ಕಡೆ ಬರಲಿಲ್ಲ, ಕೀಲಿನ ಬಳಿ ಬಂತು.
"ಸುತ್ತಲ ಹಗ್ಗ ಸವೆದಿದೆ, ಹೊಸದು ಕೂರಿಸು" ಅಂತ
ಇಪ್ಪತ್ತು ಇಳಿಸಿದ. ನೋಟು ಮಾತ್ರ ತಾನೇ ಇಟ್ಟುಕೊಂಡ.
ಕಾದಾಗ ಬಡಿಯುವ ಕಬ್ಬಿಣ ಬೇರೆ ಜಾತಿ;
ಬೀಡು ಕಾದಿದ್ದಾಗ ಕೆಟಲಿನ ತಣ್ಣೀರು ಚೆಲ್ಲಿದರೂ
ಸಿಡಿದೀತು, ಹುಷಾರು,
ಅಂತ ಟ್ರಕ್ಕು ಹೊರಟ ಮೇಲೂ ಹಿಂದಿನಿಂದ ಕೂಗಿದ.

ನನ್ನದು ಹಳೆಯ ಕಂಪನಿ ಮನೆಯ ಅರ್ಧ.
ಇನ್ನರ್ಧ ಹಳದಿ, ಥೆರೇಸಾ ಪೀಟ್ರಿಯದು. ನಡುವೆ ಒಂದೇ ಗೋಡೆ,
ಆ ಗೋಡೆಗೆ ಆನಿಸಿದೆ ಅವಳ ಮಂಚದ ತಲೆ.
ಒಲೆಯನ್ನು ಗೋಡೆಯಿಂದ ಮೂರಡಿ ಈಚೆಗೆಳೆದಾಗ
ಕೋಣೆಯಲ್ಲಿ ಕುರ್ಚಿಗೆ ಜಾಗ ಉಳಿಯಲಿಲ್ಲ.
ಕುರ್ಚಿ ಅಡುಗೆಮನೆಗೆ ಹೋಯಿತು.
ಚಿಮಣಿ ಬಳಿಯಲು ಬಂದ ಹುಡುಗ
ಒಂದು ಕಾಗೆಗೂಡು, ಒಂದು ಬಕೆಟ್ಟು ಹೊಳೆಯುವ ಕರಿ ಇಳಿಸಿದ,
ನನಗಿಂತ ಹಿಂದೆ ಇಲ್ಲಿದ್ದ ಯಾರೋ
ಹಸಿ ಸೌದೆ ಉರಿಸಿ ಬಿಟ್ಟುಹೋದದ್ದು.
ಅಲಾರಂ ಎರಡು ಕೊಂಡೆ.
ಒಂದು ನನ್ನ ತಲೆದೆಸೆಗೆ, ಒಂದು ಗೋಡೆಯಾಚೆಗೆ.
"ಒಲೆ ತಂದವಳು ನಾನೇನು?" ಅಂದಳು ಥೆರೇಸಾ.
ಅಂದರೂ ಸ್ಟೂಲು ಅಲುಗದಂತೆ ಹಿಡಿದಳು.

ಮೊದಲ ಬೆಂಕಿ ಅಂಗೈಯಷ್ಟು. ಎರಡನೆಯದು ಬೊಗಸೆಯಷ್ಟು.
ಹೊಸ ಕರಿಬಣ್ಣ ಸುಟ್ಟ ನಾತಕ್ಕೆ ಕಿಟಕಿ ತೆರೆದಿಟ್ಟು
ಒಲೆಯ ಮುಂದೆಯೇ ಚಳಿಯಲ್ಲಿ ನಡುಗುತ್ತ ಕೂತೆ,
ನಗು ಬಂತು.
ವಾರ ಕಳೆದು ಸೌದೆ ತುಂಬಿದ ರಾತ್ರಿ
ಗಾಳಿಯ ಕಿಂಡಿಯನ್ನು ತುಸುವೇ ಕಿರಿದುಮಾಡಿ
ಕೈ ಅಲ್ಲೇ ನಿಂತಿತು. ಪೂರ್ತಿ ಮುಚ್ಚಲಿಲ್ಲ.
ಲೀಯೋನ ಮುಖ ನಾನು ಕಂಡವಳಲ್ಲ.

ಬೂದಿಯನ್ನು ತಗಡಿನ ಬಕೆಟ್ಟಿಗೆ ತುಂಬಿ, ಮುಚ್ಚಳ ಹಾಕಿ,
ಮನೆಯಿಂದ ದೂರ ಹುಲ್ಲ ಮೇಲಿಟ್ಟು
ಶಾಲೆಯ ಬಸ್ಸು ಓಡಿಸಲು ಹೋದೆ.
ಆರಿದೆ ಅಂತಲೇ ಅಂದುಕೊಂಡಿದ್ದೆ.
ಮರುದಿನ ಬೆಳಿಗ್ಗೆ ಬೀದಿಗೆಲ್ಲ ಗೇಣುದ್ದ ಹಿಮ,
ಬಕೆಟ್ಟಿನ ಸುತ್ತ ಮಾತ್ರ
ಒದ್ದೆ ಹುಲ್ಲಿನ ಒಂದು ಹಸಿರು ಬಳೆ.